ಚೌಕಡಿ ಸೀರೆಯ ಲೆಕ್ಕ ಯಾರ ಹತ್ರ ಐತಿ? | ಭಾಗ 4

ಹಿಂದಿನ ಪೋಸ್ಟ್‌ನ ಹಳದಿ-ಕೆಂಪು ಚೌಕಡಿ ಬ್ಯಾಕ್‌ಗ್ರೌಂಡ್ ಎಲ್ಲಿಂದ ಡೌನ್‌ಲೋಡ್ ಮಾಡಿದಿ ಅಂತ ಬಹಳ ಮಂದಿ ಕೇಳಿದ್ರಿ. ಡೌನ್‌ಲೋಡ್ ಅಲ್ಲ, ಫೋಟೊಪಿಯಾದಾಗ ಮಾಡಿದ್ದು. ಆದ್ರ ಐಡಿಯಾ ಮಗ್ಗದ್ದು.

ಗದಗ ಜಿಲ್ಲೆಯ ಗಜೇಂದ್ರಗಡದ ‘ಪಟ್ಟೇದ ಅಂಚು’ ಸೀರೆ ಕೇಳೀರೇನು? ಹತ್ತಿ ಸೀರೆ. ಒಡಲ ತುಂಬ ಚೌಕಡಿ, ಅಗಲವಾದ ಅಂಚು. ಸವದತ್ತಿ ಯಲ್ಲಮ್ಮನಿಗೆ ಕೊಡುತ್ತಿದ್ದ ಸೀರೆ ಇದು. ಕಾಲ ಕಳೆದಂತೆ ನೇಯುವುದು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಜವಳಿ ಸಂಶೋಧಕಿ ಹೇಮಲತಾ ಜೈನ್ ಹಳೇ ಸೀರೆ ಹುಡುಕಿ ತೆಗೆದು, ಅದನ್ನು ನೋಡಿಕೊಂಡು ನೇಕಾರರಿಂದ ಮತ್ತೆ ನೇಯಿಸಿದರು. ಯೋಚನೆ ಮಾಡ್ರಿ, ಆ ಹಳೇ ಸೀರೆ ಸಿಗದಿದ್ದರೆ?

ಈಗ ಸ್ಕಾಟ್ಲೆಂಡ್‌ಗೆ ಹೋಗೋಣ, ಯಾಕಂದ್ರ ಅಲ್ಲಿಯವರು ಚೌಕಡಿಯನ್ನು ಪುಸ್ತಕಕ್ಕೆ ಏರಿಸಿದರು. ನಾವು ‘ಪ್ಲೇಡ್’ ಅನ್ನೋದು ಅಲ್ಲಿ ಮೊದಲು ವಿನ್ಯಾಸದ ಹೆಸರೇ ಅಲ್ಲ, ಹೊದ್ದುಕೊಳ್ಳುವ ಉಣ್ಣೆ ಬಟ್ಟೆ. ನಮ್ಮ ಕಂಬಳಿ ಇದ್ದಂಗ. ವಿನ್ಯಾಸಕ್ಕೆ ಅವರು ಟಾರ್ಟನ್ ಅಂತಾರ. ದಂಗೆ ಎದ್ದರು ಅಂತ ಬ್ರಿಟಿಷ್ ಸರ್ಕಾರ 1746ರಲ್ಲಿ ಅಲ್ಲಿನ ಗುಡ್ಡಗಾಡಿನ ಗಂಡಸರ ಉಡುಪನ್ನೇ ನಿಷೇಧಿಸಿತು. 1782ರಲ್ಲಿ ಕಾನೂನು ರದ್ದಾಯಿತು. ಆಮೇಲೆ 1819ರಲ್ಲಿ ಬ್ಯಾನಕ್‌ಬರ್ನ್ ಊರಿನ ವಿಲ್ಸನ್ ಅನ್ನೋ ನೇಯ್ಗೆ ಕಂಪನಿ ಒಂದು ಪುಸ್ತಕ ಬರೆದಿಟ್ಟಿತು: ಯಾವ ಬಣ್ಣ, ಎಷ್ಟು ಎಳೆ. ಪಕ್ಕಾ ವ್ಯಾಪಾರದ ಲೆಡ್ಜರ್, ನಮ್ಮ ಬಿಕಾಂ ಸಿಲಬಸ್‌ಗೆ ಸೇರಿಸಬಹುದು! 1842ರಲ್ಲಿ ಇಬ್ಬರು ಅಣ್ಣತಮ್ಮಂದಿರು ‘ಪುರಾತನ ಹಸ್ತಪ್ರತಿ’ ಅಂತ ಸುಳ್ಳು ಹೇಳಿ ಕೂಡ ಒಂದು ಟಾರ್ಟನ್ ಪುಸ್ತಕ ತಂದರು. ಅದರೊಳಗಿನ ಚೌಕಡಿಗಳನ್ನು ಇವತ್ತಿಗೂ ಜನ ಮನೆತನದ್ದು ಅಂತ ಹಾಕ್ಕೊತಾರ. ಬರೆದಿಟ್ಟದ್ದು ಉಳೀತು, ಸುಳ್ಳಾದರೂ. 2009ರಿಂದ ಸರ್ಕಾರದ್ದೇ ಟಾರ್ಟನ್ ರಿಜಿಸ್ಟರ್ ಐತಿ.

ಲೆಕ್ಕ ಭಾಳ ಸರಳ. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಎರಡರಲ್ಲೂ ಅದೇ ಬಣ್ಣ, ಅದೇ ಕ್ರಮ. ಉದಾಹರಣೆಗೆ ಹಳದಿ 24, ಕೆಂಪು 4, ಬಿಳಿ 4, ಕೆಂಪು 4: ಒಟ್ಟು 36. ಒಂದು ಎಳೆಗೆ ಒಂದು ಪಿಕ್ಸೆಲ್ ಅಂದ್ರ 36×36ರ ಫೈಲ್. ಉದ್ದ ಪಟ್ಟೆ ಹಾಕ್ರಿ, ಲೇಯರ್ ಕಾಪಿ ಮಾಡಿ 90 ಡಿಗ್ರಿ ತಿರುಗಿಸ್ರಿ. ಮೇಲಿನ ಲೇಯರ್‌ನಾಗ ಚದುರಂಗದ ಮನೆಯಂಗ ಒಂದು ಬಿಟ್ಟು ಒಂದು ಪಿಕ್ಸೆಲ್ ಅಳಿಸ್ರಿ. ಮಗ್ಗದಾಗ ಎಳೆ ಮೇಲೆ-ಕೆಳಗೆ ಹೋಗೋದು ಹಂಗೇ. ಒಟ್ಟು ಸಮಸಂಖ್ಯೆನೇ ಇರಬೇಕು, ಇಲ್ಲಾಂದ್ರ ಜೋಡಿಸಿದಲ್ಲಿ ಗೆರೆ ಕಾಣ್ತದ. ಆಮೇಲೆ ಡಿಫೈನ್ ಪ್ಯಾಟರ್ನ್, ಅಷ್ಟೇ. ಮೂರು ಬಣ್ಣ ಹಾಕಿದ್ರ ಕಣ್ಣಿಗೆ ಆರು ಕಾಣ್ತಾವ, ಯಾಕಂದ್ರ ಎರಡೆರಡು ಬಣ್ಣ ಕೂಡಿದಲ್ಲಿ ಹೊಸ ಛಾಯೆ.

ಈಗ ನಿಮ್ಮ ಪಾಳಿ. ನಮ್ಮ ಕಡೆ ಹಳೇ ಸೀರೆ ಕೊನೆಗೆ ಕೌದಿಯಾಗ್ತದ. ಅಜ್ಜಿಯ ಚೌಕಡಿ ಸೀರೆಗೆ ಕತ್ತರಿ ಬೀಳೋ ಮೊದ್ಲು ಪಕ್ಕದಾಗ ಸ್ಕೇಲ್ ಇಟ್ಟು ಹತ್ತಿರದಿಂದ ಫೋಟೊ ತೆಗೀರಿ, ಎಳೆ ಎಣಿಸ್ರಿ, ಊರಿನ ಹೆಸರ ಜೊತೆ ಡಿಎಂ ಮಾಡ್ರಿ. ಬಂದಷ್ಟಕ್ಕೂ ಟೈಲ್ ಮಾಡಿ, ಲೆಕ್ಕದ ಸಮೇತ ಹೈಲೈಟ್‌ನಾಗ ಇಡ್ತೀನಿ.

ಭಾಗ 5: ಕೌದಿ.

#ಪಟ್ಟೇದಅಂಚು #ಚೌಕಡಿ #ಗುಂಜಹಳ್ಳಿ #ರಾಯಚೂರು