ಸುಡದ ಬೂದಿ

2025ರ ನವೆಂಬರ್ 23ರಂದು ಇಥಿಯೋಪಿಯಾದ ಅಫಾರ್ ಪ್ರಾಂತ್ಯದಲ್ಲಿ ಹೈಲಿ ಗುಬ್ಬಿ ಎಂಬ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿಮೋಡ ಕೆಂಪು ಸಮುದ್ರ ದಾಟಿ, ಯೆಮನ್, ಒಮಾನ್ ದಾಟಿ, ಮರುದಿನ ರಾತ್ರಿಯ ಹೊತ್ತಿಗೆ ದೆಹಲಿಯ ಆಕಾಶಕ್ಕೆ ಬಂದಿತ್ತು. ವಿಮಾನಗಳು ರದ್ದಾದ ಸುದ್ದಿ ಟಿವಿಯಲ್ಲಿ ಬರುತ್ತಿದ್ದಾಗ ನಾನು ಊರಲ್ಲಿದ್ದೆ. ಅವರೆಕಾಯಿ ಸುಲಿಯುತ್ತ ಕೂತಿದ್ದ ದೊಡ್ಡಮ್ಮ ತಲೆಯೆತ್ತಿ ಕೇಳಿದರು: ‘ಯಾವ್ ಸೌದೆ ಸುಟ್ಟಿದ್ ಬೂದಿ ಮಗಾ ಅದು, ಸಮುದ್ರ ದಾಟ್ಕಂಡ್ ಬಂದಿರೋದು?’

‘ಸೌದೆ ಅಲ್ಲ ದೊಡ್ಡಮ್ಮ, ಏನೂ ಸುಟ್ಟಿಲ್ಲ. ಭೂಮಿ ಒಳಗಿನ ಕಲ್ಲು ಕರಗಿ, ಸಿಡಿದು ಪುಡಿಯಾಗಿರೋದು’ ಎಂದೆ.

‘ಸುಡದೆ ಬೂದಿ ಹೆಂಗಾಯ್ತದೆ? ಅದು ಕಲ್ಲಿನ ದೂಳು’ ಅಂದು ಅವರು ಮತ್ತೆ ಕಾಯಿಗೆ ಕೈಹಾಕಿದರು.

ಆ ಮಾತು ನನ್ನನ್ನು ಬಿಟ್ಟಿಲ್ಲ. ದೊಡ್ಡಮ್ಮನ ಅಡುಗೆಮನೆಯಲ್ಲಿ ಬೂದಿಗೆ ಹುಟ್ಟೂರು ಇರುತ್ತದೆ. ಸೌದೆ ಬೂದಿ ಬೇರೆ, ತೆಂಗಿನ ಮಟ್ಟೆಯ ಬೂದಿ ಬೇರೆ, ಬೆರಣಿ ಬೂದಿ ಬೇರೆ. ಪಾತ್ರೆ ಬೆಳಗುವುದಕ್ಕೆ, ಹಲ್ಲುಜ್ಜುವುದಕ್ಕೆ, ಬಿತ್ತನೆಯ ಅಲಸಂದೆಗೆ ಹುಳು ಹತ್ತದಂತೆ ಕಲಸಿಡುವುದಕ್ಕೆ, ಅವರೆ ಚಪ್ಪರಕ್ಕೆ ಹೇನು ಬಿದ್ದರೆ ಇಬ್ಬನಿ ಆರುವ ಮುಂಚೆ ಎರಚುವುದಕ್ಕೆ, ಉಳಿದದ್ದು ತಿಪ್ಪೆಗೋ ತೆಂಗಿನ ಬುಡಕ್ಕೋ. ರಾತ್ರಿ ಮಲಗುವ ಮುಂಚೆ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟರೆ ಬೆಳಗ್ಗೆ ಕೆದಕಿ ಊದಿದ ಕೂಡಲೇ ಬೆಂಕಿ. ನಮ್ಮ ಪತ್ರಿಕೆಗಳು ಗಲಭೆಯ ಊರಿಗೆಲ್ಲ ಅಂಟಿಸುವ ‘ಬೂದಿ ಮುಚ್ಚಿದ ಕೆಂಡ’ ಮೂಲದಲ್ಲಿ ಭಯದ ಮಾತಲ್ಲ, ಮನೆವಾರ್ತೆಯ ಮಾತು. ಇವೆಲ್ಲದರಲ್ಲೂ ಬೂದಿ ಮೆತ್ತನೆಯದು, ಹಗುರ, ಬೆಂಕಿ ತನ್ನ ಕೆಲಸ ಮುಗಿಸಿ ಹೋದಮೇಲೆ ಉಳಿಯುವಂಥದ್ದು.

ಜ್ವಾಲಾಮುಖಿಯ ಬೂದಿ ಇದ್ಯಾವುದೂ ಅಲ್ಲ. ಕರಗಿದ ಶಿಲೆಯೊಳಗೆ ಅದುಮಿಕೊಂಡಿದ್ದ ಆವಿ, ಅನಿಲಗಳು ಮೇಲೆ ಬರುತ್ತಾ ಹಿಗ್ಗಿ ಆ ಶಿಲೆಯನ್ನೇ ಚೂರುಚೂರು ಮಾಡುತ್ತವೆ. ಆ ಚೂರುಗಳಲ್ಲಿ 2 ಮಿಲಿಮೀಟರಿಗಿಂತ ಸಣ್ಣವನ್ನೆಲ್ಲ ವಿಜ್ಞಾನ ಬೂದಿ ಎನ್ನುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಡೆದ ಗಾಜು, ಮೂಲೆ ಮೂಲೆಯೂ ಹರಿತ. ನೀರಿನಲ್ಲಿ ಕರಗುವುದಿಲ್ಲ. 1982ರ ಜೂನ್‌ನಲ್ಲಿ ಮುಂಬೈ, ಮದ್ರಾಸು, ಕ್ವಾಲಾಲಂಪುರಗಳಲ್ಲಿ ಇಳಿದು ಪರ್ತ್ ಕಡೆಗೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು ಜಾವಾದ ಗಲುಂಗುಂಗ್ ಪರ್ವತದ ಬೂದಿಯೊಳಗೆ ಹೊಕ್ಕಾಗ ಅದರ ನಾಲ್ಕೂ ಎಂಜಿನ್ ನಿಂತುಹೋದವು. ಎಂಜಿನ್ನಿನ ಕಾವಿಗೆ ಆ ಗಾಜು ಮತ್ತೆ ಕರಗಿ ಒಳಗೆಲ್ಲ ಅಂಟಿಕೊಂಡಿತ್ತು. ವಿಮಾನ ತೇಲುತ್ತ ಕೆಳಗಿಳಿದು ಬೂದಿಯಿಂದ ಹೊರಬಂದಮೇಲೆ ಎಂಜಿನ್‌ಗಳು ಮತ್ತೆ ಹೊತ್ತಿದವು; ಅದು ಜಕಾರ್ತಾದಲ್ಲಿ ಇಳಿಯಿತು, ಎಲ್ಲರೂ ಉಳಿದರು. ಒಲೆಯ ಬೂದಿಗೆ ಈ ಗುಣವಿಲ್ಲ.

ಆದರೂ ಲೋಕವೆಲ್ಲ ಇದನ್ನು ಬೂದಿ ಎಂದೇ ಕರೆದಿದೆ. ಇಂಡೋನೇಷ್ಯದವರಿಗೆ ‘ಅಬು’, ಐಸ್‌ಲ್ಯಾಂಡಿನವರಿಗೆ ‘ಆಸ್ಕಾ’, ಸ್ಪ್ಯಾನಿಷ್ ಆಡುವವರಿಗೆ ‘ಸೆನೀಸಾ’. ಎಲ್ಲವೂ ಒಲೆಯಿಂದ ಎತ್ತಿಕೊಂಡು ಬೆಟ್ಟಕ್ಕೆ ಹೊತ್ತ ಮಾತುಗಳು. ಬೆಟ್ಟದ ಬಾಯಲ್ಲಿ ಬೆಂಕಿ ಕಂಡಿತು, ಆಮೇಲೆ ಬೂದುಬಣ್ಣದ ಪುಡಿ ಉದುರಿತು. ಕಂಡವರು ಬೇರೆ ಏನೆಂದಾರು?

ನಮ್ಮ ಬಳ್ಳಾರಿ ಸೀಮೆಯಲ್ಲಿ ಈ ತಪ್ಪು ತಲೆಕೆಳಗಾಗಿ ನಡೆದಿದೆ. ಕುಡತಿನಿಯ ಹತ್ತಿರದ ಬೂದಿದಿಬ್ಬವನ್ನು ಜನ ಭೀಮ ಕೊಂದ ಹಿಡಿಂಬಾಸುರನ ಬೂದಿ ಎಂದರು, ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆ ಎಂದರು. 19ನೇ ಶತಮಾನದಲ್ಲಿ ಬಂದ ಬ್ರಿಟಿಷರಲ್ಲಿ ಕೆಲವರು ಅಲ್ಲಿಯ ಗಾಜಿನಂಥ ಕಿಟ್ಟ ನೋಡಿ ಜ್ವಾಲಾಮುಖಿ ಇರಬಹುದೆಂದು ಊಹಿಸಿದರು. ಕೊನೆಗೆ ಪುರಾತತ್ವಜ್ಞ ರೇಮಂಡ್ ಆಲ್‌ಚಿನ್ ಉಟ್ನೂರಿನ ಇಂಥದೇ ದಿಬ್ಬವನ್ನು ಅಗೆದು, ಅದು ನವಶಿಲಾಯುಗದ ದನದ ದೊಡ್ಡಿಗಳಲ್ಲಿ ಮತ್ತೆ ಮತ್ತೆ ಸುಟ್ಟ ಸಗಣಿಯ ರಾಶಿ ಎಂದು ತೋರಿಸಿದರು. ಕೆ. ಪದ್ದಯ್ಯ ಸುರಪುರ ಸೀಮೆಯ ಬೂದಿಹಾಳದಲ್ಲಿ ವರ್ಷಗಟ್ಟಲೆ ಅಗೆದು ಆ ದನಗಾಹಿಗಳ ಬದುಕನ್ನೇ ಹೊರತೆಗೆದರು. ಊರಿನ ಹೆಸರಲ್ಲೇ ಬೂದಿ ಇತ್ತು, ಅದು ನಿಜವಾದ ಬೂದಿಯೂ ಆಗಿತ್ತು. ಹಣೆಯ ವಿಭೂತಿಯೂ ಸಗಣಿ ಸುಟ್ಟದ್ದೇ ಎಂಬುದನ್ನು ನೆನೆದಾಗ ನನಗೆ ಆ ದಿಬ್ಬಗಳ ಮೇಲೆ ಇನ್ನಷ್ಟು ಅಕ್ಕರೆ ಬರುತ್ತದೆ.

ನಿಜವಾದ ಜ್ವಾಲಾಮುಖಿ ಬೂದಿ ಸಿಕ್ಕಿದ್ದು ಪೂರ್ವಕ್ಕೆ, ಆಂಧ್ರದ ಬನಗಾನಪಲ್ಲೆ ಬಳಿಯ ಜ್ವಾಲಾಪುರಂನಲ್ಲಿ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಸಿಡಿದಾಗ ಹಾರಿಬಂದದ್ದು. ಬಿದ್ದಾಗ ತೆಳು ಪದರ, ಮಳೆ ಇಳಿಜಾರುಗಳಿಂದ ಕೊಚ್ಚಿ ತಂದು ಕಣಿವೆಯಲ್ಲಿ ಎರಡು ಮೀಟರಿಗೂ ಹೆಚ್ಚು ದಪ್ಪ ಮಾಡಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ಅವರ ತಂಡ ಆ ಪದರದ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಆಯುಧಗಳನ್ನು ಕಂಡಿತು. ಬೂದಿ ಬಿದ್ದರೂ ಅಲ್ಲಿಯ ಜನ ಉಳಿದಿದ್ದರು ಎಂದು ಅವರ ವಾದ.

ಉಳಿಯದವರ ಕಥೆ ತಂಬೋರಾದ್ದು.

ತಂಬೋರಾ ಇರುವುದು ಇಂಡೋನೇಷ್ಯದ ಸುಂಬಾವಾ ದ್ವೀಪದಲ್ಲಿ. 1815ರ ಏಪ್ರಿಲ್ 5ರ ಸಂಜೆ ಅದು ಮೊದಲ ಸಲ ಗುಡುಗಿದಾಗ ನೂರಾರು ಮೈಲಿ ದೂರದ ಜಾವಾದಲ್ಲಿ ಅದನ್ನು ತೋಪಿನ ಸದ್ದು ಎಂದುಕೊಂಡರು. ಯೋಗ್ಯಾಕರ್ತಾದಿಂದ ಪಡೆ ಹೊರಟಿತು. ಕರಾವಳಿಯಿಂದ ದೋಣಿಗಳು ಕಷ್ಟಕ್ಕೆ ಸಿಕ್ಕಿದ ಹಡಗನ್ನು ಹುಡುಕುತ್ತ ಹೋದವು. ಏಪ್ರಿಲ್ 10ರ ಸಂಜೆ ಏಳರ ಹೊತ್ತಿಗೆ ಮೂರು ಬೆಂಕಿಯ ಕಂಬಗಳು ಎದ್ದವು ಎಂದು ಪಕ್ಕದ ಸಂಗ್ಗರ್ ಸಂಸ್ಥಾನದ ರಾಜ ಆಮೇಲೆ ಹೇಳಿದ್ದಾನೆ. ಸುಮಾರು 4,300 ಮೀಟರ್ ಎತ್ತರವಿದ್ದ ಬೆಟ್ಟ 2,850 ಮೀಟರಿಗೆ ಇಳಿಯಿತು. ತುದಿಯಲ್ಲಿ ಆರು ಕಿಲೋಮೀಟರಿಗೂ ಹೆಚ್ಚು ಅಗಲದ ಗುಂಡಿ ಉಳಿಯಿತು. ತಂಬೋರಾ, ಪೆಕಾಟ್ ಎಂಬ ಎರಡು ಸಣ್ಣ ರಾಜ್ಯಗಳು ಇಲ್ಲವಾದವು.

ಆಗ ಮಕಾಸ್ಸರ್ ಬಂದರಿನ ಬಳಿ ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದಿತ್ತು. ಅದರ ಹೆಸರು ‘ಬೆನಾರಿಸ್’. ಹಾಡಹಗಲೇ ಕಗ್ಗತ್ತಲಾಗಿ, ಅಟ್ಟದ ಮೇಲೆ ಕೆಲವೆಡೆ ಒಂದಡಿ ದಪ್ಪ ಬೂದಿ ಕೂತು, ನಾವಿಕರು ಟನ್ನುಗಟ್ಟಲೆ ಬೂದಿಯನ್ನು ಸಮುದ್ರಕ್ಕೆ ಬಾಚಿ ಸುರಿದರು. ಭಸ್ಮದ ಪಟ್ಟಣವಾದ ಕಾಶಿಯ ಹೆಸರು ಹೊತ್ತ ಹಡಗು ಅದು. ಓದುವಾಗ ಇಲ್ಲಿ ನಾನು ಪ್ರತಿಸಲ ನಿಲ್ಲುತ್ತೇನೆ.

ಜನ ಸತ್ತದ್ದು ಹೇಗೆ ಎಂಬುದನ್ನು ಬೂದಿ ಎಂಬ ಮಾತು ಮುಚ್ಚಿಬಿಡುತ್ತದೆ. ಬೆಟ್ಟದಿಂದ ನುಗ್ಗಿದ ಕಾದ ಪ್ರವಾಹಕ್ಕೆ ನೇರವಾಗಿ ಸಿಕ್ಕವರು ಸುಮಾರು 10,000ದಿಂದ 12,000. ಒಟ್ಟು ಸತ್ತವರ ಲೆಕ್ಕ 70,000 ಮೀರುತ್ತದೆಂಬುದು ಸಾಮಾನ್ಯ ಅಂದಾಜು. ಉಳಿದವರನ್ನು ಕೊಂದದ್ದು ಹಸಿವು ಮತ್ತು ಕಾಯಿಲೆ. ಸುಂಬಾವಾ, ಲೊಂಬೊಕ್ ದ್ವೀಪಗಳಲ್ಲಿ ಗದ್ದೆ ಹೂತಿತ್ತು, ನೀರು ಕೆಟ್ಟಿತ್ತು, ದನಕ್ಕೆ ಮೇವಿರಲಿಲ್ಲ. ಜಾವಾದ ಆಡಳಿತಗಾರ ರಾಫಲ್ಸ್ ಅಕ್ಕಿ ಕೊಟ್ಟು ಕಳಿಸಿದ ಓವನ್ ಫಿಲಿಪ್ಸ್ ಎಂಬ ಅಧಿಕಾರಿ ದಾರಿಯುದ್ದಕ್ಕೂ ಹೆಣ ಕಂಡ, ಹಳ್ಳಿಗಳು ಬರಿದಾಗಿದ್ದವು. ಸಂಗ್ಗರ್ ರಾಜನ ಒಬ್ಬ ಮಗಳೂ ಹಸಿವಿನಿಂದಲೇ ತೀರಿಕೊಂಡಿದ್ದಳು. ರಾಜನ ಮನೆಯಲ್ಲೇ ಹೀಗಾದರೆ ಕೂಲಿಯವನ ಮನೆಯಲ್ಲಿ ಏನಾಗಿದ್ದಿರಬೇಕು?

ಮರುವರ್ಷ, 1816ರಲ್ಲಿ, ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಜೂನ್ ತಿಂಗಳಲ್ಲಿ ಹಿಮ ಬಿತ್ತು, ಯುರೋಪಿನಲ್ಲಿ ಬೆಳೆ ಕೈಕೊಟ್ಟಿತು. ಇದನ್ನೂ ಬೂದಿಯ ತಲೆಗೆ ಕಟ್ಟುವುದು ರೂಢಿ. ಬೂದಿ ಅಷ್ಟು ದಿನ ಮೇಲೆ ನಿಲ್ಲುವುದಿಲ್ಲ, ದಿನಗಳಲ್ಲಿ, ವಾರಗಳಲ್ಲಿ ಉದುರಿಹೋಗುತ್ತದೆ. ಬಿಸಿಲಿಗೆ ಅಡ್ಡ ನಿಂತದ್ದು ಅದರೊಂದಿಗೆ ಎದ್ದ ಗಂಧಕದ ಅನಿಲದಿಂದ ಆದ ಆಮ್ಲದ ತೆಳು ಮಂಜು. 1883ರಲ್ಲಿ ಕ್ರಕಟೋವಾ ಸಿಡಿದ ಕೆಲವೇ ವಾರಗಳಿಗೆ ಮದ್ರಾಸಿನಲ್ಲಿ ಸೂರ್ಯ ಹಸಿರಾಗಿ ಕಂಡದ್ದೂ ಇಂಥ ಮೇಲ್ಗಾಳಿಯ ಕಣಗಳಿಂದಲೇ.

ಆ ಮಂಜನ್ನು ಸರಿಯಾದ ಹೆಸರಲ್ಲಿ ಕರೆದವರು ಐಸ್‌ಲ್ಯಾಂಡಿನವರು. 1783ರ ಜೂನ್ 8ರಂದು ಲಾಕಿ ಎಂಬಲ್ಲಿ ನೆಲ ಉದ್ದಕ್ಕೆ ಸೀಳಿ ಎಂಟು ತಿಂಗಳು ಲಾವಾ ಹರಿಯಿತು. ಆ ಕಾಲಕ್ಕೆ ಅವರ ಹೆಸರು ‘ಮಂಜಿನ ಬವಣೆ’. ಹುಲ್ಲಿನ ಮೇಲೆ ಕೂತ ಬೂದಿಯಲ್ಲಿ ಫ್ಲೋರಿನ್ ಇತ್ತು, ಮೇಯ್ದ ಕುರಿಗಳ ಹಲ್ಲು ವಿಕಾರವಾಗಿ ಬೆಳೆದು, ಮೂಳೆ ಗಂಟುಕಟ್ಟಿ, ಮುಕ್ಕಾಲುಪಾಲು ಕುರಿಗಳು ಸತ್ತವು. ಆಮೇಲೆ ಜನ, ಐವರಲ್ಲಿ ಒಬ್ಬರಂತೆ. ಬಾವಿಯ ನೀರಿನ ಫ್ಲೋರೈಡಿಗೆ ಹಲ್ಲು ಕಂದಾಗಿ ಕೀಲು ಬಗ್ಗಿದವರನ್ನು ಕಂಡಿರುವ ಪಾವಗಡದ ಕಡೆಯವರಿಗೆ ಆ ಕುರಿಗಳ ಪಾಡು ನಾನು ಬಿಡಿಸಿ ಹೇಳಬೇಕಿಲ್ಲ.

ಹಗುರ ಎಂಬ ಮಾತಿಗೂ ಒಂದು ಉತ್ತರವಿದೆ. 1991ರ ಜೂನ್ 15ರಂದು ಫಿಲಿಪೈನ್ಸಿನ ಪಿನಾಟುಬೊ ಸಿಡಿದ ದಿನವೇ ಅಲ್ಲಿಗೆ ಚಂಡಮಾರುತವೂ ಬಂತು. ಮಾಡಿನ ಮೇಲೆ ಬಿದ್ದ ಬೂದಿ ಮಳೆ ಹೀರಿತು. ಹತ್ತು ಸೆಂಟಿಮೀಟರ್ ಒದ್ದೆ ಬೂದಿ ಒಂದು ಚದರ ಮೀಟರಿಗೆ ನೂರು ಕಿಲೋ ಮೀರಿ ತೂಗುತ್ತದೆ. ಆ ದಿನ ಸತ್ತವರಲ್ಲಿ ಬಹುಪಾಲು ಜನ ಸತ್ತದ್ದು ಸೂರು ಕುಸಿದು. ಬೆಟ್ಟದ ಮೂಲನಿವಾಸಿಗಳಾದ ಆಯ್ತಾ ಜನರ ಎಷ್ಟೋ ಮಕ್ಕಳು ನಿರಾಶ್ರಿತರ ಶಿಬಿರಗಳಲ್ಲಿ ದಡಾರ ಬಂದು ಹೋದವು. ಆಮೇಲೂ ವರ್ಷಗಟ್ಟಲೆ ಪ್ರತಿ ಮಳೆಗಾಲ ಆ ಬೂದಿ ಕೆಸರಾಗಿ ಇಳಿದು ಬಂತು. ಕಣಿವೆಗಳಲ್ಲಿ ಆಳಕ್ಕೆ ಹೂತ ರಾಶಿಗಳು ಒಳಗೇ ಕಾದಿದ್ದು, ನೀರು ತಾಗಿದಾಗ ಸಿಡಿಯುತ್ತಿದ್ದವು. ಅಲ್ಲಿ ಬೂದಿ ಮುಚ್ಚಿದ ಕೆಂಡ ಅಕ್ಷರಶಃ ನಿಜ. ಬಾಕೊಲೋರ್ ಊರಿನ ಸ್ಯಾನ್ ಗಿಯೆರ್ಮೊ ಚರ್ಚು 1995ರ ಕೆಸರಿನಲ್ಲಿ ಅರ್ಧಕ್ಕೆ ಹೂತುಹೋಯಿತು. ಹಳೆಯ ಕಿಟಕಿಗಳೇ ಬಾಗಿಲಾದವು. ಈ ಕೆಸರಿಗೆ ಜಾವಾದವರು ‘ಲಹಾರ್’ ಎನ್ನುತ್ತಾರೆ. ಲೋಕದ ವಿಜ್ಞಾನವೆಲ್ಲ ಅವರಿಂದ ಆ ಮಾತನ್ನು ಕಲಿತಿದೆ. 1919ರಲ್ಲಿ ಕೆಲುದ್ ಬೆಟ್ಟದ ಲಹಾರಿಗೆ ಐದು ಸಾವಿರ ಜನರನ್ನು ಕಳೆದುಕೊಂಡವರ ಭಾಷೆಯದು. ಬೇರೆ ಯಾರಿಗೂ ಅದಕ್ಕಿಂತ ಸರಿಯಾದ ಮಾತು ಸಿಕ್ಕದ್ದರಲ್ಲಿ ನನಗೆ ಅಚ್ಚರಿಯಿಲ್ಲ.

ಇನ್ನು ನಮ್ಮ ಮಾತಿನ ಬೇರಿಗೆ ಬರೋಣ. ನಿಘಂಟುಗಳಲ್ಲಿ ಬೂದಿಯನ್ನು ಸಂಸ್ಕೃತದ ‘ಭೂತಿ’ಯ ತದ್ಭವವೆಂದು ತೋರಿಸಿರುತ್ತಾರೆ. ಭೂತಿ ಎಂದರೆ ಇರವು, ಏಳಿಗೆ, ಸಿರಿ; ಅದೇ ಮಾತಿಗೆ ಭಸ್ಮ ಎಂಬ ಅರ್ಥವೂ ಉಂಟು. ವಿಭೂತಿಯಲ್ಲೂ ಎರಡೂ ಇವೆ. ಜ್ವಾಲಾಮುಖಿಯ ಬೂದಿಗೆ ಈ ಹಳೆಯ ಅರ್ಥ ಎಷ್ಟು ಒಪ್ಪುತ್ತದೆಂದರೆ, ಕೂಡಲೇ ಲೇಖನ ಮುಗಿಸಿಬಿಡುವ ಆಸೆಯಾಗುತ್ತದೆ. ಪೊಟ್ಯಾಶಿಯಂ, ರಂಜಕ, ಕ್ಯಾಲ್ಸಿಯಂ ಇರುವ ಆ ಗಾಜಿನ ಪುಡಿ ಬಿಸಿಲು ಮಳೆಗೆ ಸವೆದು ಲೋಕದ ಅತ್ಯಂತ ಫಲವತ್ತಾದ ಮಣ್ಣುಗಳಲ್ಲಿ ಒಂದಾಗುತ್ತದೆ. ಜಾವಾದಲ್ಲಿ ಜನ ಒತ್ತೊತ್ತಾಗಿ ನೆಲೆಸಿರುವುದು ಇಂಥ ಮಣ್ಣಿರುವ ಕಡೆಗಳಲ್ಲೇ ಎಂದು ಡಚ್ ಮಣ್ಣುವಿಜ್ಞಾನಿ ಮೋರ್ 1930ರ ದಶಕದಲ್ಲೇ ತೋರಿಸಿದ್ದರು. ವಿಜಯಪುರ, ಬೀದರ್, ಕಲಬುರಗಿಯ ಎರೆಭೂಮಿಯೂ ಜ್ವಾಲಾಮುಖಿಯ ಕೊಡುಗೆಯೇ. ಅದು ಬೂದಿಯಿಂದ ಬಂದದ್ದಲ್ಲ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ ಸವೆದು ಬಂದದ್ದು. ಹಿಂಗಾರಿ ಜೋಳ ನಿಂತಿರುವುದು ಅದರ ಮೇಲೆ.

ಆದರೆ ‘ಬೂದಿ ಬಿದ್ದಲ್ಲಿ ಬಂಗಾರ ಬೆಳೆಯಿತು’ ಎಂದು ಬರೆಯುವುದಕ್ಕೆ ನನ್ನ ಕೈ ಬರುವುದಿಲ್ಲ. ಬೂದಿ ಭೂತಿಯಾಗುವುದಕ್ಕೆ ಕಾಲ ಬೇಕು. ತೆಳುವಾಗಿ ಬಿದ್ದರೆ ಕೆಲವು ವರ್ಷ, ದಪ್ಪವಾಗಿ ಬಿದ್ದರೆ ತಲೆಮಾರುಗಳು. ಹಸಿವಿಗೆ ಅಷ್ಟು ವ್ಯವಧಾನವಿಲ್ಲ. 1815ರಲ್ಲಿ ಮಗಳನ್ನು ಮಣ್ಣು ಮಾಡಿದವನಿಗೆ ಮುಂದೆ ಯಾರೋ ಉಣ್ಣಲಿರುವ ಅನ್ನದ ಲೆಕ್ಕ ಒಪ್ಪಿಸಲಾಗದು. ಸತ್ತವರು ಒಬ್ಬರು, ಉಂಡವರು ಇನ್ನೊಬ್ಬರು. ಬೆಟ್ಟದ ಬುಡದ ಫಲವತ್ತನ್ನು ಹೊಗಳುವ ಪುಸ್ತಕಗಳಲ್ಲಿ ಈ ಇಬ್ಬರನ್ನೂ ‘ಜನ’ ಎಂಬ ಒಂದೇ ಮಾತಿನಲ್ಲಿ ಸೇರಿಸಿರುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

2004ರಲ್ಲಿ ಹರಾಲ್ದುರ್ ಸಿಗುರ್ದ್‌ಸನ್ ಎಂಬ ಐಸ್‌ಲ್ಯಾಂಡಿನ ವಿಜ್ಞಾನಿಯ ತಂಡ ತಂಬೋರಾದ ಇಳಿಜಾರಿನಲ್ಲಿ ಮೂರು ಮೀಟರ್ ಕೆಳಗೆ ಒಂದು ಮನೆಯನ್ನು ಅಗೆದು ತೆಗೆಯಿತು. ಮನೆಯ ಮರ ಸುಟ್ಟು ಇದ್ದಿಲಾಗಿ ನಿಂತಿತ್ತು. ಒಳಗೆ ಇಬ್ಬರ ಮೂಳೆಗಳು, ಕಂಚಿನ ಬಟ್ಟಲು, ಮಡಕೆಗಳು. ಆ ಮನೆಯವರು ಆಡುತ್ತಿದ್ದ ಭಾಷೆ ಸುತ್ತಲಿನ ಯಾವ ಭಾಷೆಯ ನೆಂಟನೂ ಅಲ್ಲ, ದೂರದ ಪಪುವಾ ಕಡೆಯ ಭಾಷೆಗಳನ್ನು ಹೋಲುವಂಥದ್ದು. ಸ್ಫೋಟಕ್ಕೆ ಮುಂಚೆ ಯಾರೋ ಬರೆದುಕೊಂಡಿದ್ದ ಐವತ್ತಕ್ಕೂ ಕಡಿಮೆ ಪದಗಳು ರಾಫಲ್ಸ್ 1817ರಲ್ಲಿ ಅಚ್ಚುಹಾಕಿಸಿದ ಜಾವಾ ಇತಿಹಾಸದ ಪುಸ್ತಕದಲ್ಲಿ ಉಳಿದಿವೆ. ಆ ಭಾಷೆಯದೆಂದು ನಮಗೆ ಸಿಕ್ಕಿರುವುದು ಅಷ್ಟೇ. ಒಂದು ನುಡಿಯನ್ನು ಆಡುವವರೆಲ್ಲ ಒಂದು ವಾರದೊಳಗೆ ಇಲ್ಲವಾಗುವುದನ್ನು ಊಹಿಸಲು ಕೂತರೆ ನನಗೆ ದೊಡ್ಡಮ್ಮನ ಅಡುಗೆಮನೆಯ ಅಷ್ಟೂ ಮಾತುಗಳು ಒಟ್ಟಿಗೆ ನೆನಪಾಗುತ್ತವೆ.

ತಂಬೋರಾದ ವಾಯವ್ಯದ ಇಳಿಜಾರಿನಲ್ಲಿ ಈಗ ಕಾಫಿ ಬೆಳೆಯುತ್ತಾರೆ. ಬೆಟ್ಟ ಹತ್ತುವವರು ಹೊರಡುವ ಪಂಚಸೀಲಾ ಎಂಬ ಹಳ್ಳಿಯ ಸುತ್ತ ತೋಟಗಳಿವೆ. ಬೇರೆ ಬೇರೆ ಊರುಗಳಿಂದ ಬಂದು ನೆಲೆಸಿದವರು ಅಲ್ಲಿದ್ದಾರೆ, ಗಿಡದ ಬುಡದ ಮಣ್ಣು ಕೆದಕಿದರೆ ಆ ಬೂದಿ ಸಿಗುತ್ತದೆ. ಅವರು ಅದಕ್ಕೆ ಅಬು ಎನ್ನುತ್ತಾರೆ. 1815ರ ಏಪ್ರಿಲ್ 10ರ ಸಂಜೆಯವರೆಗೂ ಅದೇ ನೆಲದಲ್ಲಿ, ಒಲೆಯ ಮುಂದೆ ಕೂತವರ ಬಾಯಲ್ಲಿ, ಬೂದಿಗೆ ಬೇರೆಯದೇ ಒಂದು ಮಾತಿತ್ತು.