ನಂಬುಗೆ ಮತ್ತು ನಡತೆ: ನಮ್ಮ ನಾಲ್ಕು ತಾಲ್ಲೂಕುಗಳ ಸಾಕ್ಷಿ



ಬಹಳ ವರ್ಷಗಳ ಹಿಂದಿನ ಮಾತು. ವಾರ್ಷಿಕ ಪರೀಕ್ಷೆಯ ಮುನ್ನಾದಿನ ನಕಲು ಮಾಡಬಾರದೆಂದು ತರಗತಿಯಲ್ಲಿ ಬೋಧಿಸುತ್ತ, “ನಾನು ನೋಡದಿದ್ದರೂ ಮೇಲಿರುವ ದೇವರು ನೋಡುತ್ತಿರುತ್ತಾನೆ” ಎಂದು ಹೇಳಿದ್ದೆ. ಹಿಂದಿನ ಸಾಲಿನಿಂದ ಹುಡುಗನೊಬ್ಬ ಎದ್ದು, “ಸರ್, ದೇವರ ಇಲ್ಲಾ ಅಂದ್ರ ಕಾಪಿ ಹೊಡಿಬಹುದೇನ್ರಿ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನು ಸಿಟ್ಟಿಗೆದ್ದು, ಗಂಟೆ ಬಾರಿಸುವವರೆಗೂ ಅವನನ್ನು ಹೊರಗೆ ನಿಲ್ಲಿಸಿದೆ. ಅವನು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸಿಟ್ಟಿಗೆ ಅದೇ ಕಾರಣವಾಗಿತ್ತೆಂದು ಆ ರಾತ್ರಿಯೇ ಮನಸ್ಸಿಗೆ ತಿಳಿದಿತ್ತು.

ಇಂದು ನೀವೇ ತಂದೆ-ತಾಯಿಗಳಾಗಿ, ಅದೇ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಕೇಳುತ್ತೀರಿ: “ಮಗ ಪೂಜಿ ಬಿಟ್ಟಾನ್ರಿ, ದೇವರನ್ನ ನಂಬೂದಿಲ್ಲ ಅಂತಾನ. ಮುಂದ ದಾರಿ ತಪ್ಪತಾನೇನ್ರಿ?” ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಇತಿಹಾಸವು ಈ ಪ್ರಶ್ನೆಗೆ ಏನು ಹೇಳುತ್ತದೆಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಶಬ್ದವನ್ನು ಬಿಡಿಸಿಕೊಳ್ಳೋಣ. ನಾವು ‘ಧರ್ಮ’ ಎಂಬ ಒಂದೇ ಮಾತನ್ನು ಹಲವು ಅರ್ಥಗಳಲ್ಲಿ ಬಳಸುತ್ತೇವೆ. ಹಿಂದೂ ಧರ್ಮ, ಜೈನ ಧರ್ಮ ಎನ್ನುವಾಗ ಅದು ಮತ. “ಅದು ಧರ್ಮವಲ್ಲ” ಎನ್ನುವಾಗ ನ್ಯಾಯ. ಭಿಕ್ಷುಕನು “ಧರ್ಮ ಮಾಡ್ರಿ” ಎನ್ನುವಾಗ ದಾನ. ಮತವನ್ನು ಬಿಟ್ಟವನು ನ್ಯಾಯವನ್ನೂ ಬಿಟ್ಟನೆಂಬ ನಮ್ಮ ಅಂಜಿಕೆಗೆ ಈ ಶಬ್ದದ ಗೊಂದಲವೂ ಒಂದು ಕಾರಣವೆಂದು ತೋರುತ್ತದೆ.

ನಮ್ಮ ಸಾಹಿತ್ಯದ ಮೊದಲ ಪುಟಗಳೇ ಈ ಅಂಜಿಕೆಗೆ ಸಮಾಧಾನ ಹೇಳುತ್ತವೆ. ಹತ್ತನೆಯ ಶತಮಾನದ ಪಂಪ, ಪೊನ್ನ, ರನ್ನರು ಜೈನ ಕವಿಗಳು. ಜಗತ್ತನ್ನು ಸೃಷ್ಟಿಸಿ, ಪಾಪಪುಣ್ಯಗಳ ಲೆಕ್ಕವಿಟ್ಟು ದಂಡಿಸುವ ದೇವರನ್ನು ಜೈನ ದರ್ಶನವು ಒಪ್ಪುವುದಿಲ್ಲ. ಅದಕ್ಕೂ ಕರ್ಮ, ಪುನರ್ಜನ್ಮಗಳಲ್ಲಿ ನಂಬುಗೆಯುಂಟು, ನಿಜ. ಆದರೂ ಅಹಿಂಸೆ, ಸತ್ಯ, ಅಪರಿಗ್ರಹಗಳನ್ನು ಅದರಷ್ಟು ಕಠಿಣವಾಗಿ ಬೋಧಿಸಿದ ದರ್ಶನಗಳು ವಿರಳ. ಮೇಲೆ ಕಾವಲುಗಾರನಿಲ್ಲದೆಯೂ ನೀತಿ ನಿಲ್ಲಬಲ್ಲುದೆಂಬುದನ್ನು ಕನ್ನಡ ನಾಡು ಸಾವಿರ ವರ್ಷಗಳ ಹಿಂದೆಯೇ ಕಂಡಿತ್ತು.

ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರ ಮಾತು ಬೇರೆ. ಅವರು ಕೂಡಲಸಂಗಮದೇವನಲ್ಲಿ ಮುಳುಗಿದ ಪರಮ ಭಕ್ತರು. ಅವರನ್ನು ನಿರೀಶ್ವರವಾದದ ಕಡೆಗೆ ಎಳೆಯುವುದು ಅಪ್ರಾಮಾಣಿಕತೆಯಾದೀತು. ಆದರೆ ಆ ಭಕ್ತಿಗೆ ಅವರು ಕಟ್ಟಿದ ಕರಾರನ್ನು ಗಮನಿಸಬೇಕು. ಜನ್ಮದಿಂದ ಬಂದ ಜನಿವಾರವನ್ನು ಬಿಟ್ಟು ಹೊರಟ ಆ ತರುಣ, ದಯೆಯಿಲ್ಲದ ಧರ್ಮವನ್ನು ಧರ್ಮವೆಂದು ಒಪ್ಪಲಿಲ್ಲ. ದುಡಿದು ಉಣ್ಣುವುದು ಕಾಯಕವಾಯಿತು. ಉಳಿದುದನ್ನು ಹಂಚುವುದು ದಾಸೋಹವಾಯಿತು. ಭಕ್ತನೆಂಬುದಕ್ಕೆ ಹಣೆಯ ವಿಭೂತಿಯೊಂದೇ ಸಾಲದು, ಕೈಯ ಕೆಲಸವೂ ಸಾಕ್ಷಿ ಹೇಳಬೇಕೆಂದಾಯಿತು.

ಹಿಂದೆ ಸಿಂದಗಿ ತಾಲ್ಲೂಕಿಗೆ ಸೇರಿದ್ದ ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವರು, ಕಾಯಕ ಮಾಡದವರ ಬಟ್ಟೆಯನ್ನು ತೊಳೆಯುತ್ತಿರಲಿಲ್ಲವೆಂದು ಪರಂಪರೆ ಹೇಳುತ್ತದೆ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ ಐಕ್ಯರಾದ ನೀಲಾಂಬಿಕೆಯವರು, ಸಂಗಮಕ್ಕೆ ಕರೆ ಬಂದಾಗಲೂ ದೈವವು ಒಂದು ಸ್ಥಳಕ್ಕೆ ಮಾತ್ರ ಸೀಮಿತವೇ ಎಂದು ವಿಚಾರಿಸಿದರೆಂಬ ಪ್ರತೀತಿಯಿದೆ. ಇವರೆಲ್ಲ ನಂಬಿದವರೇ. ಆದರೂ ನಂಬುಗೆಯೊಂದನ್ನೇ ಸಜ್ಜನಿಕೆಯ ಪ್ರಮಾಣಪತ್ರವೆಂದು ಇವರಾರೂ ಸ್ವೀಕರಿಸಲಿಲ್ಲ.

ಇಂಡಿ ಸೀಮೆಯ ಹಲಸಂಗಿಗೆ ಬನ್ನಿ. 1953ರಲ್ಲಿ ತೀರಿಕೊಂಡ ಮಧುರಚೆನ್ನರನ್ನು ನಾವು ಅನುಭಾವಿ ಕವಿಯೆಂದು, ಶ್ರೀ ಅರವಿಂದರ ಭಕ್ತರೆಂದು ಬಲ್ಲೆವು. ಅವರು ತಮ್ಮ ಅಂತರಂಗದ ಕಥೆಯನ್ನು ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಕೃತಿಗಳಲ್ಲಿ ಬರೆದರು. ಆ ಹೆಸರುಗಳೇ ಹೇಳುವಂತೆ, ಬೆಳಗಿಗೆ ಮೊದಲು ಸಂಶಯದ ಕತ್ತಲೆಯನ್ನು ಅವರು ದಾಟಬೇಕಾಯಿತು. ಕಾಣದುದನ್ನು ಕಂಡೆನೆಂದು ಹೇಳಲೊಲ್ಲದ ಪ್ರಾಮಾಣಿಕತೆಯಿಂದಲೇ ಅಂಥ ಸಂಶಯ ಹುಟ್ಟುತ್ತದೆ. ಅಧ್ಯಾತ್ಮವೆಂದರೆ ಸಿದ್ಧ ಉತ್ತರವಲ್ಲ, ತನ್ನನ್ನು ತಾನು ಬಿಡದೆ ಪರೀಕ್ಷಿಸಿಕೊಳ್ಳುವುದು ಎಂದಾದರೆ, ಆ ಕತ್ತಲೆಯ ಕಾಲವೂ ಅವರ ಅಧ್ಯಾತ್ಮದ ಭಾಗವೇ ಆಗಿತ್ತು. ಅವರ ಸುತ್ತ ಸೇರಿದ ಹಲಸಂಗಿ ಗೆಳೆಯರಲ್ಲಿ ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರು ಇದ್ದರು. 1931ರ ‘ಗರತಿಯ ಹಾಡು’ ಮೊದಲಾದ ಜನಪದ ಸಂಕಲನಗಳನ್ನು ನಾಡಿಗೆ ಕೊಡುವಾಗ ಆ ಗೆಳೆತನಕ್ಕೆ ಮತವು ಅಡ್ಡಿಯಾಗಲಿಲ್ಲ.

ಇನ್ನು ದೇವರನ್ನು ನೇರವಾಗಿ ನಿರಾಕರಿಸಿದವರ ಮಾತು. ಆಂಧ್ರದ ಗೋಪರಾಜು ರಾಮಚಂದ್ರ ರಾವ್, ಅಂದರೆ ಗೋರಾ ಅವರು, 1940ರಲ್ಲಿ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿದರು; ಅಸ್ಪೃಶ್ಯತೆಯ ವಿರುದ್ಧ ಹಳ್ಳಿಗಳಲ್ಲಿ ದುಡಿದರು. ತಮ್ಮ ಮಗಳನ್ನು ಅಸ್ಪೃಶ್ಯರೆನಿಸಿದ್ದ ಸಮುದಾಯದ ತರುಣನಿಗೆ ಕೊಡಲು ನಿಶ್ಚಯಿಸಿದಾಗ, ಆ ವಿವಾಹವನ್ನು ಸೇವಾಗ್ರಾಮದಲ್ಲಿ ನಡೆಸಲು ಗಾಂಧೀಜಿ ಒಪ್ಪಿದರು. ಪ್ರತಿಜ್ಞೆಯಲ್ಲಿ ದೇವರ ಬದಲು ಸತ್ಯದ ಹೆಸರನ್ನಿಡುವುದಕ್ಕೂ ಒಪ್ಪಿದರು. ಗಾಂಧೀಜಿಯ ಹತ್ಯೆಯ ಬಳಿಕ, 1948ರಲ್ಲಿ ಆ ಮದುವೆ ಅಲ್ಲಿಯೇ ನಡೆಯಿತು. ನಮ್ಮ ನಾಡಿನಲ್ಲಿ ಡಾ. ಎಚ್. ನರಸಿಂಹಯ್ಯನವರನ್ನು ನೆನೆಯಬೇಕು. ಓದುವುದಕ್ಕಾಗಿ ಬಾಲಕನಾಗಿ ಹೊಸೂರಿನಿಂದ ಬೆಂಗಳೂರಿಗೆ ನಡೆದು ಬಂದವರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು, ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಸಮಿತಿ ರಚಿಸಿದವರು. ಆ ವಿಚಾರವಾದಿಯು ಖಾದಿಯುಟ್ಟು, ವಿದ್ಯಾರ್ಥಿನಿಲಯದ ಕೋಣೆಯೊಂದರಲ್ಲಿ ಬಾಳಿ 2005ರಲ್ಲಿ ತೀರಿಕೊಂಡರು. ಎಷ್ಟು ಜನ ವಿರಕ್ತರಿಗೆ ಅಂಥ ವಿರಕ್ತಿ ಸಾಧ್ಯವಾದೀತು?

ಇಲ್ಲೊಂದು ಆಕ್ಷೇಪವಿದೆ, ಅದು ಹಗುರವಾದುದಲ್ಲ. ಗೋರಾ, ನರಸಿಂಹಯ್ಯ ಇಬ್ಬರೂ ಗಾಂಧೀಜಿಯಿಂದ ಪ್ರಭಾವಿತರು, ಗಾಂಧೀಜಿ ದೈವಭಕ್ತರು. ಹಾಗಾದರೆ ಭಕ್ತರು ಕೂಡಿಟ್ಟ ಗಂಟನ್ನೇ ನಾಸ್ತಿಕರು ಖರ್ಚು ಮಾಡುತ್ತಿದ್ದಾರೆಯೇ? ನಮ್ಮ ಭಾಗದಲ್ಲಂತೂ ಬಡಮಕ್ಕಳಿಗೆ ಅನ್ನ-ಅಕ್ಷರಗಳನ್ನು ಕೊಟ್ಟವು ಬಹುಮಟ್ಟಿಗೆ ಮಠಗಳೇ. ನನಗೆ ಸುಳ್ಳು ಹೇಳಬಾರದೆಂದು ಕಲಿಸಿದವಳು ದಿನವೂ ದೀಪ ಹಚ್ಚುತ್ತಿದ್ದ ನನ್ನ ತಾಯಿ. ಈ ಋಣವನ್ನು ಅಲ್ಲಗಳೆಯಲಾಗದು. ಬಿತ್ತುವುದಕ್ಕೆ ಕೂರಿಗೆ ಬಹಳ ಅನುಕೂಲ. ಆದರೆ ಮೊಳೆಯುವುದು ಬೀಜ. ಮೊಳೆಸುವುದು ನೆಲದ ಹದ. ಕೈಯಿಂದ ಚೆಲ್ಲಿದ ಬೀಜವೂ ಹದವಿದ್ದರೆ ಮೊಳೆಯುತ್ತದೆ. ಹದವಿಲ್ಲದ ನೆಲದಲ್ಲಿ ಕೂರಿಗೆಯಿಂದ ಬಿತ್ತಿದ್ದೂ ಸುಟ್ಟುಹೋಗುತ್ತದೆ.

ಸುಟ್ಟುಹೋದುದಕ್ಕೂ ಉದಾಹರಣೆಯಿದೆ. ಸಿಂದಗಿ ತಾಲ್ಲೂಕಿನಲ್ಲಿ 1938ರಲ್ಲಿ ಜನಿಸಿದ ಡಾ. ಎಂ. ಎಂ. ಕಲಬುರ್ಗಿಯವರು ವಚನಗಳ ಸಂಶೋಧನೆ, ಸಂಪಾದನೆಗಳಿಗೆ ಬಾಳನ್ನೇ ಸವೆಸಿದರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿಯೇ ಅವರನ್ನು ಗುಂಡಿಕ್ಕಿ ಕೊಂದರು. ಅವರನ್ನು ಮತದ್ರೋಹಿಯೆಂದು ಎಣಿಸಿದವರ ಕೃತ್ಯವಿದೆಂಬುದು ತನಿಖಾ ತಂಡವು ನ್ಯಾಯಾಲಯದ ಮುಂದಿಟ್ಟ ಆರೋಪ. ನಂಬುಗೆಯನ್ನು ಉಳಿಸುವ ಹೆಸರಿನಲ್ಲಿ ಮುದುಕರೊಬ್ಬರನ್ನು ಕೊಲ್ಲಬಹುದೆಂದು ಯಾರಾದರೂ ತಿಳಿದಿದ್ದರೆ, ಅಲ್ಲಿ ನಂಬುಗೆಗೆ ಕೊರತೆಯಿರಲಿಲ್ಲ, ದಯೆಗೆ ಇತ್ತು.

ಕೊನೆಯದಾಗಿ ನಾವೆಲ್ಲ ಕಣ್ಣಾರೆ ಕಂಡವರು, ವಿಜಯಪುರ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮೀಜಿ. ಅವರು ಜೇಬಿಲ್ಲದ ಅಂಗಿ ತೊಟ್ಟರು; 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ಒಲ್ಲೆನೆಂದರು. ತಮ್ಮ ದೇಹವನ್ನು ಹೂಳದೆ ಅಗ್ನಿಗರ್ಪಿಸಬೇಕು, ಶ್ರಾದ್ಧವಿಧಿಗಳು ಬೇಡ, ಸ್ಮಾರಕ ಬೇಡವೆಂದು ಮೊದಲೇ ಬರೆದಿಟ್ಟು, 2023ರ ಜನವರಿ 2ರಂದು ದೇಹ ಬಿಟ್ಟರು. ಲಕ್ಷಾಂತರ ಆಸ್ತಿಕರು ಪೂಜಿಸಿದ ಆ ಸಂತರು ತಮ್ಮ ಹೆಸರಿನಲ್ಲೊಂದು ಗದ್ದುಗೆಯೂ ಏಳದಂತೆ ನೋಡಿಕೊಂಡರು. ಅವರನ್ನೂ ನರಸಿಂಹಯ್ಯನವರನ್ನೂ ಎದುರುಬದುರು ಕೂರಿಸಿದರೆ ದೇವರ ವಿಷಯದಲ್ಲಿ ಅವರಿಗೆ ಒಮ್ಮತ ಬರುತ್ತಿತ್ತೋ ಇಲ್ಲವೋ. ಎಷ್ಟು ಸಾಮಾನು ಇಟ್ಟುಕೊಂಡು ಬದುಕಬೇಕೆಂಬ ವಿಷಯದಲ್ಲಿ ಮಾತ್ರ ಜಗಳವಾಗುತ್ತಿರಲಿಲ್ಲ.

ಆದುದರಿಂದ, ಮಗನು ದಾರಿ ತಪ್ಪುವನೇ ಎಂದು ಕೇಳುವ ತಂದೆ-ತಾಯಿಗಳೇ, ಅವನು ಜಗುಲಿಯ ಮುಂದೆ ಕುಳಿತನೋ ಇಲ್ಲವೋ ಎಂಬುದರ ಜೊತೆಗೆ ಬೇರೆಯದನ್ನೂ ನೋಡಿರಿ. ಆಳಿನ ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಾನೆಯೇ? ಅಜ್ಜಿ ಹಾಸಿಗೆ ಹಿಡಿದಾಗ ಬಳಿಯಲ್ಲಿ ಕುಳಿತನೇ? ತಪ್ಪಾದಾಗ ತಪ್ಪೆಂದು ಒಪ್ಪುತ್ತಾನೆಯೇ? ಇವಕ್ಕೆ ಹೌದೆಂಬ ಉತ್ತರ ಬಂದರೆ ಅಂಜಬೇಡಿರಿ. ಮಗನಿಗೂ ಒಂದು ಮಾತು: ನಿನ್ನ ತಾಯಿ ಹಚ್ಚುವ ದೀಪವನ್ನು ನೋಡಿ ನಗಬೇಡ, ಆ ಬೆಳಕಿನಲ್ಲಿಯೇ ನೀನು ನಡೆಯಲು ಕಲಿತೆ.

ಅಂದು ಹೊರಗೆ ನಿಂತಿದ್ದ ನನ್ನ ವಿದ್ಯಾರ್ಥಿಯೇ, ನೀನು ಎಲ್ಲಾದರೂ ಇದನ್ನು ಓದುತ್ತಿದ್ದರೆ, ನಿನ್ನ ಪ್ರಶ್ನೆಗೆ ಉತ್ತರವಿದು. ದೇವರಿಲ್ಲದಿದ್ದರೂ ಕಾಪಿ ಹೊಡೆಯಬಾರದಪ್ಪ; ಕಂದೀಲಿನ ಮುಂದೆ ಕುಳಿತು ರಾತ್ರಿಯೆಲ್ಲ ಓದಿ ಬಂದ ನಿನ್ನ ಪಕ್ಕದ ಹುಡುಗನಿಗೆ ಅದರಿಂದ ಅನ್ಯಾಯವಾಗುತ್ತದೆ. ಇಷ್ಟು ಹೇಳುವುದಕ್ಕೆ ನಿನ್ನ ಮೇಷ್ಟ್ರಿಗೆ ಇಷ್ಟು ವರ್ಷ ಬೇಕಾದವು. ಹೊರಗೆ ನಿಲ್ಲಿಸಿದ್ದು ನನ್ನ ತಪ್ಪು, ಕ್ಷಮಿಸು.