ಕೊಳದಲ್ಲಿ ಕಲಿತು ಕಡಲನ್ನು ದಾಟಿದವಳು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಟ್ರಯಥ್ಲಾನ್ ಸ್ಪರ್ಧೆಗಾಗಿ ನಗರದ ಈಜುಕೊಳಗಳಲ್ಲಿ ಅಭ್ಯಾಸ ನಡೆಸಿದ್ದಾರೆಂದು ತಿಳಿದು ಸಂತೋಷವಾಯಿತು. ಅವರಲ್ಲೊಬ್ಬನು, "ಸರ್, ಕೊಳದ ಅಭ್ಯಾಸ ಕಡಲಿಗೆ ಸಾಕಾದೀತೆ?" ಎಂದು ಕೇಳಿದ್ದಾನೆ. ಈಜುಶಾಸ್ತ್ರ ನನ್ನ ವಿಷಯವಲ್ಲ. ಆದರೆ ಇತಿಹಾಸದಲ್ಲಿ ಈ ಪ್ರಶ್ನೆಗೆ ಒಳ್ಳೆಯ ಉತ್ತರವೊಂದಿದೆ.

ಇಂಗ್ಲಿಷ್ ಕಡಲ್ಗಾಲುವೆಯನ್ನು ಯಾವ ನೆರವೂ ಇಲ್ಲದೆ ಮೊದಲು ಈಜಿ ದಾಟಿದವನು ಕ್ಯಾಪ್ಟನ್ ಮ್ಯಾಥ್ಯೂ ವೆಬ್, 1875ರ ಆಗಸ್ಟ್‌ನಲ್ಲಿ. ನಮ್ಮವರು ಕಪ್ಪೆ ಈಜು ಎನ್ನುವ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಅವನು ತೆಗೆದುಕೊಂಡ ಕಾಲ 21 ಗಂಟೆ 45 ನಿಮಿಷ. ಅನಂತರದ ಐವತ್ತು ವರ್ಷಗಳಲ್ಲಿ ಯಶಸ್ವಿಯಾದವರು ಇನ್ನು ನಾಲ್ವರು ಮಾತ್ರ; ಎಲ್ಲರೂ ಗಂಡಸರು. ತೋಳನ್ನು ನೀರಿನ ಮೇಲೆ ಬೀಸಿ, ಮುಖವನ್ನು ನೀರಿನೊಳಗಿಟ್ಟು ಈಜುವ ಕ್ರಾಲ್ ಪದ್ಧತಿಯು ವೇಗದ್ದೇನೋ ಹೌದು, ಆದರೆ ಅದು ಅಲ್ಪ ದೂರಕ್ಕೆ ಮಾತ್ರ ಒಗ್ಗತಕ್ಕದ್ದು, ಕಡಲಿನಲ್ಲಿ ದೇಹ ಬೇಗ ಸೋತುಹೋಗುತ್ತದೆ ಎಂಬುದು ಅಂದಿನ ಅನೇಕ ತಜ್ಞರ ನಂಬಿಕೆಯಾಗಿತ್ತು.

ಈ ನಂಬಿಕೆಯನ್ನು ಮುರಿದವಳು ನ್ಯೂಯಾರ್ಕಿನ ಮಾಂಸದ ವ್ಯಾಪಾರಿಯೊಬ್ಬನ ಮಗಳು ಗರ್ಟ್ರೂಡ್ ಎಡರ್ಲೆ. ಬಾಲ್ಯದಲ್ಲಿ ತಂದೆ ಅವಳ ಸೊಂಟಕ್ಕೆ ಹಗ್ಗ ಕಟ್ಟಿ ನೀರಿಗಿಳಿಸಿದನೆಂದು ಹೇಳುತ್ತಾರೆ. (ಬೆನ್ನಿಗೆ ಸೋರೆಬುರುಡೆ ಕಟ್ಟಿಸಿಕೊಂಡು ಬಾವಿಗೆ ಇಳಿದ ನಮ್ಮ ಕಡೆಯವರಿಗೆ ಇದು ಹೊಸತಾಗಿ ಕಾಣದು!) ಮುಂದೆ ಅವಳು ಷಾರ್ಲೆಟ್ ಎಪ್‌ಸ್ಟೈನ್ ಕಟ್ಟಿದ ಮಹಿಳಾ ಈಜು ಸಂಘವನ್ನು ಸೇರಿದಳು. ಅಲ್ಲಿ ಲೂಯಿ ಹ್ಯಾಂಡ್ಲಿ ಎಂಬ ಮಹನೀಯರು ಸಂಭಾವನೆ ಪಡೆಯದೆ ಹೆಣ್ಣುಮಕ್ಕಳಿಗೆ ಈಜು ಕಲಿಸುತ್ತಿದ್ದರು. ಕೈಯ ಒಂದು ಸುತ್ತಿಗೆ ಕಾಲುಗಳ ಬಡಿತ ಎಷ್ಟಿರಬೇಕು, ಉಸಿರು ಯಾವಾಗ ತೆಗೆಯಬೇಕು ಎಂಬ ಲೆಕ್ಕವೆಲ್ಲ ಅವಳಿಗೆ ದೊರೆತದ್ದು ಅಲ್ಲಿ. ಕೊಳದಲ್ಲಿ ಅಲೆಯಿಲ್ಲ, ಸೆಳೆತವಿಲ್ಲ. ಆದ್ದರಿಂದಲೇ ಲಯವನ್ನು ತಿದ್ದಲು ಅಲ್ಲಿ ಅವಕಾಶವುಂಟು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅವಳಿಗೆ ರಿಲೇಯಲ್ಲಿ ಚಿನ್ನ, ಬಿಡಿ ಸ್ಪರ್ಧೆಗಳಲ್ಲಿ ಎರಡು ಕಂಚು ಬಂದವು.

ಆದರೆ ಕಡಲಿನ ಪಾಠ ಬೇರೆಯೇ. 1925ರ ಮೊದಲ ಪ್ರಯತ್ನದಲ್ಲಿ ಜೇಬೆಜ್ ವುಲ್ಫ್ ಎಂಬವರು ಅವಳ ತರಬೇತುದಾರರು. ಕಡಲ್ಗಾಲುವೆಯನ್ನು ದಾಟಲು ಸ್ವತಃ ಇಪ್ಪತ್ತಕ್ಕೂ ಹೆಚ್ಚು ಬಾರಿ ಯತ್ನಿಸಿ ಸೋತವರು. ಅವಳ ವೇಗವೇ ಅವರಿಗೆ ಹಿಡಿಸಲಿಲ್ಲ. ಎಂಟು ಗಂಟೆಗೂ ಮೀರಿ ಈಜಿದ್ದ ಅವಳು ಮುಖ ಕೆಳಗಾಗಿ ತೇಲುತ್ತಿದ್ದುದನ್ನು ಕಂಡು, ಮುಳುಗುತ್ತಿದ್ದಾಳೆಂದು ಬಗೆದು, ಜೊತೆಯಲ್ಲಿದ್ದ ಈಜುಗಾರನಿಂದ ಹಿಡಿಸಿಬಿಟ್ಟರು. ಪರರ ಕೈ ಸೋಕಿದರೆ ಪ್ರಯತ್ನ ಅಲ್ಲಿಗೇ ಅಸಿಂಧು. ತಾನು ಸುಮ್ಮನೆ ದಣಿವಾರಿಸಿಕೊಳ್ಳುತ್ತಿದ್ದೆನೆಂದು ಅವಳು ಕೊನೆಯವರೆಗೂ ಹೇಳಿದಳು. ನಾನು ಅವಳ ಮಾತನ್ನೇ ನಂಬುತ್ತೇನೆ.

ಮರುವರ್ಷ ಅವಳು ಗುರುವನ್ನು ಬದಲಿಸಿದಳು. 1911ರಲ್ಲಿ ಕಡಲ್ಗಾಲುವೆಯನ್ನು ದಾಟಿ ಅಲ್ಲಿಯ ಸೆಳೆತಗಳನ್ನು ಬಲ್ಲ ಟಿ. ಡಬ್ಲ್ಯೂ. ಬರ್ಜೆಸ್ ಈಗ ಜೊತೆಗೆ ಬಂದರು. ಕಣ್ಣಿಗೆ ಉಪ್ಪುನೀರು ತಾಗದಂತೆ ಕನ್ನಡಕದ ಅಂಚಿಗೆ ಮೇಣ ಮೆತ್ತಿಕೊಂಡು, ಚಳಿಗೆ ಮೈತುಂಬ ಜಿಡ್ಡು ಬಳಿದುಕೊಂಡು, 1926ರ ಆಗಸ್ಟ್ 6ರ ಬೆಳಗ್ಗೆ ಏಳರ ಸುಮಾರಿಗೆ ಫ್ರಾನ್ಸಿನ ಗ್ರಿ ನೇ ಭೂಶಿರದಿಂದ ಅವಳು ನೀರಿಗಿಳಿದಳು. ಹಗಲು ಕಳೆಯುತ್ತ ಗಾಳಿಮಳೆ ಹೆಚ್ಚಿತು. ಮೇಲೆ ಬಂದುಬಿಡೆಂದು ದೋಣಿಯಿಂದ ಕೂಗಿದಾಗ, ಏತಕ್ಕೆ ಎಂದಷ್ಟೇ ಅವಳು ಮರುಪ್ರಶ್ನಿಸಿದ್ದು ಪ್ರಸಿದ್ಧವಾಗಿದೆ. ನೇರವಾಗಿ 33 ಕಿಲೋಮೀಟರಿನ ಆ ಹಾದಿಯು ಸೆಳೆತದಿಂದಾಗಿ ಬಹಳ ಬೆಳೆಯಿತು. ಆದರೂ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ ಅವಳು ಇಂಗ್ಲೆಂಡಿನ ಕಿಂಗ್ಸ್‌ಡೌನ್ ದಡವನ್ನು ಮುಟ್ಟಿದಳು. ಗಂಡಸರ ಅತ್ಯುತ್ತಮ ದಾಖಲೆಗಿಂತ ಇದು ಸುಮಾರು ಎರಡು ಗಂಟೆ ಕಡಿಮೆ! ಹೆಂಗಸರಲ್ಲಿ ಆ ದಾಖಲೆಯನ್ನು ಮುರಿಯಲು 1950ರಲ್ಲಿ ಫ್ಲಾರೆನ್ಸ್ ಚಾಡ್ವಿಕ್ ಬರಬೇಕಾಯಿತು.

ಲಯ ಹ್ಯಾಂಡ್ಲಿಯವರ ಕೊಳದಿಂದ ಬಂತು, ದಾರಿ ಬರ್ಜೆಸ್ಸರ ಕಡಲಿನಿಂದ. ಪ್ರಶ್ನೆ ಕೇಳಿದ ಶಿಷ್ಯನು ಇದನ್ನು ಗಮನಿಸಲಿ.

ಬಾಲ್ಯದ ದಡಾರದಿಂದ ಮಂದವಾಗಿದ್ದ ಅವಳ ಕಿವಿ ಮುಂದೆ ಇನ್ನಷ್ಟು ಕೆಟ್ಟಿತು. 1933ರಲ್ಲಿ ಮೆಟ್ಟಿಲಿನಿಂದ ಬಿದ್ದು ಬೆನ್ನಿಗೂ ಏಟಾಯಿತು. ಚೇತರಿಸಿಕೊಂಡು, ಹಲವು ವರ್ಷ ನ್ಯೂಯಾರ್ಕಿನಲ್ಲಿ ಕಿವುಡ ಮಕ್ಕಳಿಗೆ ಈಜು ಕಲಿಸಿದಳು. 2003ರಲ್ಲಿ ತೀರಿಕೊಂಡಾಗ ಅವಳಿಗೆ 98 ವರ್ಷ.